ಚೀಲದೊಳಗಿನ ರಂಪಿಗೆ

ಗೋಕಾಕ ತಾಲ್ಲೂಕಿನ ಒಂದು ಕನ್ನಡ ಶಾಲೆ, ಮೂರನೇ ಇಯತ್ತೆ. "ದೊಡ್ಡವರಾದ ಮ್ಯಾಲ ಏನಾಗ್ತೀರಿ?" ಎಂದರೆ ಮಕ್ಕಳೆಲ್ಲ ಡಾಕ್ಟರು, ಪೊಲೀಸು, ಮಿಲ್ಟ್ರಿ ಅನ್ನುತ್ತವೆ, ಅದರಾಚೆ ಒಂದು ಹೆಸರೂ ಬರುವುದಿಲ್ಲ ಎಂದು ಅಕ್ಕೋರಿಗೆ ಬೇಸರ. ಉಪಾಯ ಹೇಳಿಕೊಟ್ಟವನು ನಾನೇ: ಮನೆಯವರು ದುಡಿಯಲು ಬಳಸುವ ಒಂದು ಸಾಮಾನು ತರಲಿ, ಅದರ ಬಗ್ಗೆ ಎರಡು ಮಾತು ಹೇಳಲಿ.

ತಂದರು. ಕರದಂಟು ಮಾಡುವವರ ಹುಡುಗಿ ಅಂಟಿನ ಡಬ್ಬಿ ತಂದು, ಕಾದ ತುಪ್ಪದಲ್ಲಿ ಅದು ಹೇಗೆ ಅರಳುತ್ತದೆಂದು ಮುಷ್ಟಿ ಬಿಚ್ಚಿ ತೋರಿಸಿದಳು. ಗೊಂಬೆ ಮಾಡುವವರ ಹುಡುಗ ತಂದ ಕಟ್ಟಿಗೆಯ ಬಾಳೆಹಣ್ಣನ್ನು ಒಬ್ಬ ಕಚ್ಚಿಯೇ ಬಿಟ್ಟ. ಕಬ್ಬು ಕಡಿಯುವವರ ಮಗಳ ಕೊಯ್ತಾ ಮಾತ್ರ ಅಕ್ಕೋರ ಟೇಬಲ್ಲಿನ ಖಾನೆ ಸೇರಿತು. ಕೊನೆಗೆ ಹಿಂದಿನ ಸಾಲಿನ ಹುಡುಗ ಎದ್ದ. ಅವನಪ್ಪ ಮೂಡಲಗಿ ಸಂತೆಯಲ್ಲಿ ಚಪ್ಪಲಿ ಹೊಲಿದು ಮಾರುವವನು. ಚೀಲಕ್ಕೆ ಹಾಕಿದ ಕೈಯನ್ನು ಬರಿದೇ ಹೊರತೆಗೆದ.

"ಮರ್ತ ಬಂದೀನ್ರಿ."

ಚೀಲದ ಬಾಯಲ್ಲಿ ತೊಗಲು ಕೊಯ್ಯುವ ರಂಪಿಗೆಯ ಹಿಡಿ ನನಗೆ ಕಾಣುತ್ತಿತ್ತು.

ಸುಳ್ಳು ಹೇಳಿದವನು ಅವನು, ನಿಜ. ಆದರೆ ನಾವು ಕೇಳಿದ್ದು ಕೆಲಸ, ಅವನಿಗೆ ಕೇಳಿಸಿದ್ದು ಜಾತಿ. ಎಂಟು ವರ್ಷದವನ ಕಿವಿ ನನ್ನ ಕಿವಿಗಿಂತ ಚುರುಕು. ಇಂಥದ್ದು ಹಿಂದೆಯೂ ಆಗಿತ್ತು: 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿ, ಹಳ್ಳಿ ಮಕ್ಕಳು ಸ್ವಲ್ಪ ಹೊತ್ತು ಶಾಲೆಯಲ್ಲಿ ಓದಿ ಉಳಿದ ಹೊತ್ತು ಮನೆಯ ಕಸುಬು ಕಲಿಯಲಿ ಎಂದು ಯೋಜನೆ ತಂದಿದ್ದರು. ಇದು ಜಾತಿಯ ಕಸುಬಿಗೇ ಕಟ್ಟಿಹಾಕುವ ಕುಲವಿದ್ಯೆ ಎಂದು ಜನ ತಿರುಗಿಬಿದ್ದರು. ಮರುವರ್ಷ ಹೊಸ ಮುಖ್ಯಮಂತ್ರಿ ಕಾಮರಾಜರು ಅದನ್ನು ಕೈಬಿಟ್ಟರು. ನಾನು ಅದನ್ನೇ ಒಂದು ಪೀರಿಯಡ್ಡಿಗೆ ಮತ್ತೆ ತಂದಿದ್ದೆ, ಒಳ್ಳೆಯ ಮನಸ್ಸಿನಿಂದಲೇ. (ರಾಜಾಜಿಯವರದೂ ಕೆಟ್ಟ ಮನಸ್ಸಾಗಿತ್ತೆಂದು ಹೇಳಲಾರೆ.)

ಹುಡುಗನನ್ನು ಹತ್ತಿರ ಕರೆದು ಅಭಿಮಾನ ತುಂಬಬಹುದಿತ್ತು. ಚಪ್ಪಲಿ ಹೊಲಿಯುತ್ತಿದ್ದ ಶರಣ ಹರಳಯ್ಯನ ಕಥೆ ಇದೆ. ನಮ್ಮ ಜಿಲ್ಲೆಯ ಅಥಣಿ, ನಿಪ್ಪಾಣಿಯ ಕಡೆ ಹೊಲಿಯುವ ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದೂ ಇದೆ. ಆದರೆ ಆ ಅಭಿಮಾನವನ್ನು ಅವನೊಬ್ಬನೇ ಯಾಕೆ ಹೊರಬೇಕು? ಚಪ್ಪಲಿಯ ಬಗ್ಗೆ ತಿಳಿಯಬೇಕಾದವರು ಅದನ್ನು ಮೆಟ್ಟುವ ಉಳಿದ ಮಕ್ಕಳಲ್ಲವೇ?

ಅಕ್ಕೋರು ಪಾಠವನ್ನು ತಿರುಗಿಸಿದರು. ಕೆಲಸಗಳ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು; ಎತ್ತಿದ ಚೀಟಿಯಲ್ಲಿ ಯಾರ ಕೆಲಸ ಬಂತೋ ಅವರ ಹತ್ತಿರ ಹೋಗಿ ನೋಡಿ, ಕೇಳಿ ಬರುವುದು. ಒಬ್ಬಳ ಅಪ್ಪ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಲೈನ್‌ಮನ್. ಕಂಬ ಹತ್ತುವ ಮುಂಚೆ ಏನು ನೋಡಿಕೊಳ್ಳುತ್ತೀರಿ ಎಂದು ಅವನನ್ನು ಕೇಳಲು ಎಲ್ಲರಿಗೂ ಆಸೆ.

ಚೀಟಿ ಬರೆಯುತ್ತಿದ್ದ ಅಕ್ಕೋರ ಪೆನ್ನು ಒಂದು ಕಡೆ ನಿಂತಿತು. "ಆ ಹುಡುಗನ ಅಪ್ಪಂದು ಹಾಕ್ಲ್ಯೋ, ಬ್ಯಾಡೋ?"

ಹಾಕಿದರೆ ಮತ್ತೆ ಎಲ್ಲರ ಕಣ್ಣು ಅವನ ಮೇಲೆ. ಬಿಟ್ಟರೆ ಆ ಕೆಲಸವೇ ಊರಲ್ಲಿಲ್ಲ ಎಂದಂತೆ. ನನಗೆ ಉತ್ತರ ಹೊಳೆಯಲಿಲ್ಲ. ಅವರು ಹುಡುಗನನ್ನೇ ಕರೆದು ಕೇಳಿದರು.

ಅವನು ಡಬ್ಬಿಯೊಳಗೆ ಇಣುಕಿದ.

"ಹಾಕ್ರಿ ಅಕ್ಕೋರ. ಆದ್ರ ಅದು ನನಗ ಬರಬಾರ್ದು ನೋಡ್ರಿ."