ಯಾರ ಹೆಂಡ್ತಿ, ಯಾರ ಮಗಳು?

"ನಿನ್ನ ಹೆಸರೇನವ್ವ?" ಅಂತ ಕೇಳಿದರೆ ನಮ್ಮ ಕೇರಿಯ ಮುದುಕಿಯರು ಇವತ್ತಿಗೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಮರೆತಿರೋದಿಲ್ಲ. ಯಾವ ಹೆಸರು ಹೇಳಬೇಕು ಅನ್ನೋದೇ ಅವರ ತಾಪತ್ರಯ. ಹೆತ್ತವರು ಇಟ್ಟದ್ದು ಕೆಂಪಮ್ಮ. ಗೌಡರ ಹೊಲದಲ್ಲಿ ಅವಳು ಕೆಂಪಿ. ರೇಷನ್ ಕಾರ್ಡಿನಲ್ಲಿ ಗುಮಾಸ್ತ ಗೀಚಿದ್ದು ಕೆಂಪವ್ವ. ಆಧಾರ್‌ನಲ್ಲಿ ಕಂಪ್ಯೂಟರ್ ಹುಡುಗ ಕುಟ್ಟಿದ್ದು ಕಂಪಮ್ಮ. ಹೆಸರಿನ ಬಾಲಕ್ಕೆ 'ಅಮ್ಮ' ಅಂತ ಸೇರಿಸಿ ಊರಿನವರ ಬಾಯಲ್ಲಿ ಕರೆಸಿಕೊಳ್ಳೋದಕ್ಕೇ ನಮ್ಮ ಹೆಂಗಸರಿಗೆ ತಲೆಮಾರುಗಳು ಹಿಡಿದವು. ಅಂಥವಳ ಬಾಗಿಲಿಗೆ ಸರ್ಕಾರ ಬಂದು, ನೀನು ನೀನೇ ಅನ್ನೋದಕ್ಕೆ ಪುರಾವೆ ಏನು ಎಂದು ಕೇಳುತ್ತದೆ.

ಗೆಳೆಯರೆ, ಈ ಪ್ರಶ್ನೆಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಉತ್ತರ ಹುಡುಕುವ ಭಾರ ಯಾರ ತಲೆಯ ಮೇಲಿರಬೇಕು ಅನ್ನೋದು ನನ್ನ ಜಗಳ.

ಸ್ವಲ್ಪ ಹಿಂದಕ್ಕೆ ಹೋಗೋಣ. 1935ರ ಕಾಯಿದೆಯಲ್ಲಿ ಆಸ್ತಿ, ತೆರಿಗೆ, ಅಕ್ಷರ ಇದ್ದವರಿಗೆ ಮತವಿತ್ತು. ಹೆಂಗಸರಿಗೆ ಇನ್ನೊಂದು ದಾರಿ ಇತ್ತು: ಆಸ್ತಿವಂತನ ಹೆಂಡತಿಯಾಗಿರುವುದು, ಇಲ್ಲವೇ ಅವನ ವಿಧವೆಯಾಗಿರುವುದು. ಗಂಡನಿಗೇ ತುಂಡು ನೆಲವಿಲ್ಲದ ಕೇರಿಯ ಹೆಂಗಸಿಗೆ ಆ ದಾರಿಯೂ ಮುಚ್ಚಿತ್ತು. ಇದಕ್ಕೂ ಮೊದಲೇ, 1928ರಲ್ಲಿ, ಬಾಬಾಸಾಹೇಬರು ಸೈಮನ್ ಆಯೋಗದ ಮುಂದೆ ವಯಸ್ಕರಿಗೆಲ್ಲ ಮತ ಬೇಕೆಂದು ಕೇಳಿದ್ದರು. ಅದು 1950ರ ಸಂವಿಧಾನದ 326ನೇ ವಿಧಿಯಾಗಿ ಕೈಗೆ ಬಂತು. ಆಸ್ತಿ ಬೇಡ, ಅಕ್ಷರ ಬೇಡ, ಗಂಡನೂ ಬೇಡ. ವಯಸ್ಸಾಗಿದ್ದರೆ ಸಾಕು.

ಹಾಗಿದ್ದೂ 1951-52ರ ಮೊದಲ ಚುನಾವಣೆಗೆ ಪಟ್ಟಿ ಬರೆಯಲು ಹೋದವರಿಗೆ ಉತ್ತರದ ಹಲವು ಪ್ರಾಂತಗಳಲ್ಲಿ ಹೆಂಗಸರು ಹೆಸರೇ ಹೇಳಲಿಲ್ಲ. 'ಇಂಥವನ ಹೆಂಡತಿ', 'ಇಂಥವನ ತಾಯಿ' ಅಷ್ಟೆ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ. ಸ್ವಂತ ಹೆಸರು ಬೇಕೇ ಬೇಕು ಅಂದರು. ಬಿಹಾರಕ್ಕೆ ಹೆಚ್ಚಿನ ಗಡುವನ್ನೂ ಕೊಟ್ಟರು. ಕೊನೆಗೆ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷ ಜನರ ಹೆಸರು ಪಟ್ಟಿಯಿಂದ ಹೊಡೆದುಹೋಯಿತು. ಇದರಿಂದೆದ್ದ ಗಲಾಟೆ ಒಳ್ಳೆಯದೇ, ಮುಂದಿನ ಚುನಾವಣೆಯ ಹೊತ್ತಿಗೆ ಈ ಮೂಢತನ ಕಳೆದೀತು ಅನ್ನೋದು ಸೇನರ ಎಣಿಕೆ.

ಇಲ್ಲೇ ನನಗೆ ಕಷ್ಟವಾಗುವುದು. ಸೇನರ ತತ್ವ ಸರಿ. ಹೆಂಗಸು ಯಾರದೋ ಬಾಲವಲ್ಲ, ಅವಳಿಗೊಂದು ಹೆಸರಿದೆ ಎಂದು ಸರ್ಕಾರದ ಕಾಗದವೊಂದು ಹಟ ಹಿಡಿದದ್ದು ಸಣ್ಣ ಸಂಗತಿಯಲ್ಲ. ಆದರೆ ಅವಳ ಬಾಯಿ ಕಟ್ಟಿದವರು ಯಾರು? ಗಂಡ, ಅತ್ತೆ, ಜಾತಿ, ಊರು. ಶಿಕ್ಷೆ ಯಾರಿಗಾಯಿತು? ಬಾಯಿ ಕಟ್ಟಿಸಿಕೊಂಡವಳಿಗೆ. ಗಂಡ ಮಾತ್ರ ಮೀಸೆ ತಿರುವಿಕೊಂಡು ಹೋಗಿ ಓಟು ಒತ್ತಿ ಬಂದ. ತತ್ವ ಎಷ್ಟೇ ಸರಿಯಿದ್ದರೂ ಅದರ ಖರ್ಚನ್ನು ತುಳಿತಕ್ಕೆ ಸಿಕ್ಕವಳ ಲೆಕ್ಕಕ್ಕೇ ಬರೆಯೋದು ಯಾವ ನ್ಯಾಯ?

ಗುರುತಿನ ಚೀಟಿಯೇ ಬೇಡ ಅನ್ನುವವರೂ ನಮ್ಮಲ್ಲಿದ್ದಾರೆ. ಅವರ ಜೊತೆ ನಾನಿಲ್ಲ. ಕೇರಿಯಿಂದ ಬೂತಿಗೆ ಹೋದರೆ "ನಿನ್ನ ಓಟು ಆಗ್ಲೇ ಬಿದ್ದೈತೆ, ಮನೆಗೋಗು" ಅಂತ ಅಟ್ಟುತ್ತಿದ್ದ ಕಾಲವನ್ನು ಹೇಗೆ ಮರೆಯೋದು? 1993ರಲ್ಲಿ ಟಿ. ಎನ್. ಶೇಷನ್ ತಂದ ಫೋಟೋ ಚೀಟಿ ನಮ್ಮವರಿಗೆ ಆಸರೆಯೇ ಆಯಿತು. ಫೋಟೋದಲ್ಲಿರೋ ಮುಖ ಇನ್ನೊಬ್ಬರದು ಅನ್ನೋದು ಅಷ್ಟು ಸುಲಭವಲ್ಲವಲ್ಲ.

ಆದರೆ 2025ರಲ್ಲಿ ಬಿಹಾರದಲ್ಲಿ ಏನಾಯಿತು ನೋಡಿ. ಜೂನ್ 24ರಂದು ಆಯೋಗ ವಿಶೇಷ ತೀವ್ರ ಪರಿಷ್ಕರಣೆ ಸಾರಿತು. 2003ರ ಪಟ್ಟಿಯಲ್ಲಿ ಹೆಸರಿದ್ದವರು ಅದರ ನಕಲು ತೋರಿಸಿದರೆ ಸಾಕು. ಉಳಿದವರು 11 ದಾಖಲೆಗಳಲ್ಲಿ ಒಂದನ್ನು ತರಬೇಕು. ಪಾಸ್‌ಪೋರ್ಟು, ಮೆಟ್ರಿಕ್ ಸರ್ಟಿಫಿಕೇಟು, ಜನನ ಪತ್ರ, ಪಿಂಚಣಿ ಆದೇಶ, ಹೀಗೆ. ಆಯೋಗವೇ ಕೊಟ್ಟ ಮತದಾರರ ಚೀಟಿ ಆ ಪಟ್ಟಿಯಲ್ಲಿರಲಿಲ್ಲ! ರೇಷನ್ ಕಾರ್ಡೂ ಇಲ್ಲ, 2024ರಲ್ಲಿ ಬೂತಿನೊಳಗೆ ಒಪ್ಪಿದ್ದ ನರೇಗಾ ಜಾಬ್ ಕಾರ್ಡೂ ಇಲ್ಲ. ಮುಸಹರ ಹೆಣ್ಣುಮಗಳು ಮೆಟ್ರಿಕ್ ಸರ್ಟಿಫಿಕೇಟನ್ನು ಎಲ್ಲಿಂದ ತರಬೇಕು?

1987ರ ಜುಲೈ 1ರ ಈಚೆಗೆ ಹುಟ್ಟಿದವರು ತಂದೆ ಅಥವಾ ತಾಯಿಯದೂ ಪುರಾವೆ ಕೊಡಬೇಕಿತ್ತು. 2004ರ ಡಿಸೆಂಬರ್ 2ರ ಈಚಿನವರಾದರೆ ಇಬ್ಬರದೂ. ಗಂಡಸು ಹುಟ್ಟಿದ ಮನೆಯಲ್ಲೇ ಇರುತ್ತಾನೆ. ಅಪ್ಪನ ಹೆಸರು ಅದೇ ಬೂತಿನ ಹಳೇ ಪಟ್ಟಿಯಲ್ಲಿ ಸಿಕ್ಕುತ್ತದೆ. ಹೆಂಗಸು ಮದುವೆಯಾಗಿ ಬೇರೆ ಊರಿಗೆ ಬಂದವಳು. ಗಂಡನ ಹೆಸರು ಅವಳ ಕೆಲಸಕ್ಕೆ ಬಾರದು. ತವರಿನ ಪಟ್ಟಿ ಬೇಕು. ಕೂಲಿ ಬಿಟ್ಟು, ಬಸ್ ಚಾರ್ಜು ಹಾಕಿ, ಕಂಕುಳಲ್ಲಿ ಕೂಸಿಟ್ಟುಕೊಂಡು, ಅಪ್ಪ ಸತ್ತೇಹೋಗಿರೋ ಊರಿಗೆ ಹೋಗಬೇಕು. 1951ರಲ್ಲಿ 'ಗಂಡನ ಹೆಸರು ಹೇಳಬೇಡ, ನಿನ್ನದು ಹೇಳು' ಅಂದರು. 2025ರಲ್ಲಿ 'ನಿನ್ನದು ಸಾಲದು, ಅಪ್ಪನದು ತಾ' ಅಂದರು.

ಆಗಸ್ಟ್ 1ರ ಕರಡು ಪಟ್ಟಿಯಲ್ಲಿ 65 ಲಕ್ಷ ಹೆಸರುಗಳಿರಲಿಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಅಂದರು. ಯಾರನ್ನು ಯಾಕೆ ಬಿಟ್ಟಿರಿ ಹೇಳಿ ಎಂದು ಸುಪ್ರೀಂ ಕೋರ್ಟೇ ಆಗಸ್ಟ್ 14ರಂದು ಅಪ್ಪಣೆ ಮಾಡಬೇಕಾಯಿತು. ಆಧಾರನ್ನು ಹನ್ನೆರಡನೇ ದಾಖಲೆಯಾಗಿ ಒಪ್ಪಿ ಎಂದು ಸೆಪ್ಟೆಂಬರ್ 8ರಂದು ಮತ್ತೆ ಹೇಳಬೇಕಾಯಿತು. ಆ ಪಟ್ಟಿಯಲ್ಲಿ ಸತ್ತ ಹೆಸರುಗಳು ಇದ್ದದ್ದು ನಿಜವೇ. ಅವನ್ನು ಹುಡುಕಿ ತೆಗೆಯೋದು ಸಂಬಳ ತಿನ್ನುವ ಸರ್ಕಾರದ ಕೆಲಸ. ನಾನು ಬದುಕಿದ್ದೇನೆ ಅಂತ ಕೂಲಿಯವಳು ಕಾಗದ ಹಿಡಿದು ಅಲೆಯೋದಲ್ಲ.

ಅಷ್ಟಕ್ಕೂ ಕಾಗದ ಕೇಳದ ಒಂದು ಕಾವಲು ನಮ್ಮ ಮೈಸೂರಿನಲ್ಲೇ ತಯಾರಾಗುತ್ತದೆ. 1962ರಿಂದ ದೇಶದ ಬೆರಳುಗಳಿಗೆ ಹಚ್ಚುತ್ತಿರುವ ಅಳಿಸದ ಶಾಯಿ ಅಲ್ಲಿನ ಬಣ್ಣ ಮತ್ತು ಅರಗು ಕಾರ್ಖಾನೆಯದು. ಆ ಶಾಯಿ ನಿನ್ನಪ್ಪ ಯಾರು ಅನ್ನೋದಿಲ್ಲ, ಎಷ್ಟು ಓದಿದ್ದೀ ಅನ್ನೋದಿಲ್ಲ. ಎರಡನೇ ಸಲ ಬಂದರೆ ಮಾತ್ರ ಹಿಡಿಯುತ್ತದೆ. ಎಲ್ಲ ಮೋಸಕ್ಕೂ ಅದೇ ಮದ್ದು ಅಂತಲ್ಲ. ಆದರೆ ಮೊದಲು ನಂಬಿ, ಆಮೇಲೆ ಗುರುತು ಹಾಕುವ ದಾರಿಯೂ ಉಂಟು.

ಈ ಪತ್ರಿಕೆ ಓದುವವರಲ್ಲಿ ಹಳ್ಳಿ ಮೇಷ್ಟ್ರುಗಳು ಬಹಳ. ಬೂತ್ ಮಟ್ಟದ ಅಧಿಕಾರಿಯಾಗಿ ಪಟ್ಟಿ ಹಿಡಿದು ಕೇರಿಗೆ ಹೋಗುವವರಲ್ಲಿ ನೀವೂ ಇದ್ದೀರಿ. ಜಗಲಿ ಮೇಲೆ ಕೂತ ಗಂಡನನ್ನು ಕೇಳಿ ಬರೆದುಕೊಂಡು ಬರಬೇಡಿ ಮೇಷ್ಟ್ರೆ. ಒಳಗಿರೋ ಅವ್ವನನ್ನು ಕರೆದು ಅವಳ ಬಾಯಿಂದಲೇ ಕೇಳಿ. ಬರೆದದ್ದನ್ನು ಓದಿ ಹೇಳಿ. ಹೊಸ ಸೊಸೆ ಬಂದಿದ್ದರೆ ತವರಿನಿಂದ ಇಲ್ಲಿಗೆ ಹೆಸರು ಬದಲಾಯಿಸೋ 8ನೇ ನಮೂನೆಯನ್ನು ಅಲ್ಲೇ ಕೂತು ತುಂಬಿಕೊಡಿ. ಕೆಂಪಮ್ಮ ಅಂದರೆ ಕೆಂಪಮ್ಮ ಅಂತಲೇ ಬರೆಯಿರಿ.