ಮಾಳಿಗೆ ಇದ್ದವರ ಸೂರ್ಯ

ಸೂರ್ಯ ಯಾರೊಬ್ಬರ ಸ್ವತ್ತಲ್ಲ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಗಾಳಿ, ಬೆಳಕು, ಬಿಸಿಲು ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಸಮ ಎಂದು ಹಲಗೆಯ ಮೇಲೆ ಬರೆಯುತ್ತೇವೆ. ನಮ್ಮ ಬೀದರ ಜಿಲ್ಲೆಯಲ್ಲಿ ಈ ಮಾತಿಗೆ ಬೇರೆ ಸಾಕ್ಷಿ ಬೇಕಿಲ್ಲ. ಇಲ್ಲಿ ಮಳೆ ಕೈಕೊಟ್ಟ ವರ್ಷಗಳಿವೆ, ತೊಗರಿ ಕೈಕೊಟ್ಟ ವರ್ಷಗಳಿವೆ. ಬಿಸಿಲು ಕೈಕೊಟ್ಟ ವರ್ಷವನ್ನು ನಾನಂತೂ ಕಂಡಿಲ್ಲ. ಆದರೆ ಬಿಸಿಲು ಸಮನಾಗಿ ಬಿದ್ದರೂ ಅದು ಬೀಳುವ ಮಾಳಿಗೆಗಳು ಸಮನಾಗಿಲ್ಲ. ಕೆಲವರಿಗೆ ಗಟ್ಟಿ ಸ್ಲ್ಯಾಬು, ಕೆಲವರಿಗೆ ಪತ್ರಾ, ಕೆಲವರಿಗೆ ಬಾಡಿಗೆ ಮನೆ. ಬಿಸಿಲನ್ನು ಹಿಡಿದು ಕರೆಂಟು ಮಾಡಿಕೊಳ್ಳಿರೆಂದು ಸರ್ಕಾರ ಹಣ ಕೊಡತೊಡಗಿದಾಗ ಈ ವ್ಯತ್ಯಾಸ ನನಗೆ ಎದ್ದು ಕಾಣತೊಡಗಿತು.

‘ಸಬ್ಸಿಡಿ’ ಎಂಬುದು ನಮ್ಮ ಕಡೆ ಅಕ್ಷರ ಬಾರದವರೂ ಬಲ್ಲ ಪದ. ಬೀಜಕ್ಕೆ ಸಬ್ಸಿಡಿ, ಗೊಬ್ಬರಕ್ಕೆ ಸಬ್ಸಿಡಿ, ಎಮ್ಮೆಗೆ ಸಬ್ಸಿಡಿ. ಈಗ ಸೂರ್ಯನಿಗೂ ಬಂದಿದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ‘ಪಿಎಂ ಸೂರ್ಯಘರ್’ ಯೋಜನೆಯನ್ನು ಘೋಷಿಸಿತು. ಒಂದು ಕೋಟಿ ಮನೆಗಳ ಮೇಲೆ ಸೌರಫಲಕ, ಅದಕ್ಕೆ 75,021 ಕೋಟಿ ರೂಪಾಯಿಯ ವೆಚ್ಚ. ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ. ಒಂದು ಕಿಲೋವ್ಯಾಟಿನ ಫಲಕಗಳಿಗೆ ಸುಮಾರು ನೂರು ಚದರಡಿ ಜಾಗ ಸಾಕು. ಒಳ್ಳೆಯ ಬಿಸಿಲಿದ್ದರೆ ಅವು ದಿನಕ್ಕೆ ನಾಲ್ಕು ಯೂನಿಟ್ಟಿನಷ್ಟು ಕರೆಂಟು ಕೊಡುತ್ತವೆ. ಮನೆಯಲ್ಲಿ ಬಳಸಿ ಉಳಿದದ್ದು ಮೀಟರಿನ ಮೂಲಕ ಹೊರಗಿನ ತಂತಿಗೆ ಹೋಗಿ ನಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ. ಸಹಾಯಧನ ಮಾತ್ರ ಮೊದಲೇ ಕೈಗೆ ಬರುವುದಿಲ್ಲ. ಕೈಯಿಂದಲೋ ಸಾಲದಿಂದಲೋ ಮೊದಲು ಹಾಕಿಸಬೇಕು. ಕೆಲಸ ಮುಗಿದು ತಪಾಸಣೆಯಾದ ಮೇಲೆ ಅದು ಬ್ಯಾಂಕಿನ ಖಾತೆಗೆ ಬರುತ್ತದೆ.

ನನ್ನ ನೌಕರಿ ಆರಂಭವಾದದ್ದು ಬಸವಕಲ್ಯಾಣದಲ್ಲಿ. ಮನೆ ಕಟ್ಟಿಸಿದ್ದು ಹುಮನಾಬಾದಿನಲ್ಲಿ. ಆ ಮನೆಗೆ ಗಟ್ಟಿ ಮಾಳಿಗೆಯಿದೆ. ಫ್ರಿಜ್ಜು, ಕೂಲರು, ನೀರಿನ ಮೋಟಾರು ಎಲ್ಲ ಸೇರಿ ನಾವು ತಿಂಗಳಿಗೆ ಸುಮಾರು 220 ಯೂನಿಟ್ ಸುಡುತ್ತೇವೆ. ಯೋಜನೆಯ ಸುದ್ದಿ ಊರಲ್ಲಿ ಹಬ್ಬಿದ ಮೇಲೆ ಸೌರಫಲಕ ಕೂಡಿಸುವ ಅಂಗಡಿಯ ಹುಡುಗನೊಬ್ಬ ಬಂದು ಟೇಪು ಹಿಡಿದು ಮಾಳಿಗೆ ಅಳೆದ. “ನಿಮಗೆ ಎರಡು ಕಿಲೋವ್ಯಾಟ್ ಸಾಕಾಗ್ತದ್ರೀ. ಆದ್ರ ಮೂರು ಹಾಕಿಸ್ರೀ ಮೇಡಂ. ಪೂರ್ತಿ ಎಪ್ಪತ್ತೆಂಟು ಸಾವಿರ ಬರ್ತದ. ಬರೋ ರೊಕ್ಕ ಯಾಕ ಬಿಡ್ತೀರಿ?” ಎಂದ. ನಮ್ಮ ಯಜಮಾನರಿಗೆ ಆ ಮಾತು ಹಿಡಿಸಿತು. “ಸರ್ಕಾರದ್ದು ಬಿಟ್ಟರೆ ಮತ್ತಾರದೋ ಪಾಲಾಗುತ್ತದೆ” ಎಂದರು.

ಅದೇ ವಾರ, ನಮ್ಮ ಓಣಿಯಲ್ಲಿ ಶಾವಿಗೆ, ಹಪ್ಪಳ ಮಾಡಿ ಮಾರಿ ಜೀವನ ಮಾಡುವ ತಾಯಿಯೊಬ್ಬಳು ನನ್ನನ್ನು ತಡೆದು ಕೇಳಿದಳು: “ಟೀಚರ್ರೀ, ಸೂರ್ಯನ ಕರೆಂಟಿಗಿ ಸರ್ಕಾರ ರೊಕ್ಕ ಕೊಡ್ತದಂತಲ್ರೀ. ನಮ್ಮ ಪತ್ರಾದ ಮ್ಯಾಲ ಕೂಡಸ್ಲಾಕ ಬರ್ತದೇನ್ರೀ?” ಗೋಡೆ, ತೊಲೆ ಗಟ್ಟಿಯಿದ್ದರೆ ಪತ್ರಾದ ಮೇಲೂ ಕೂಡಿಸಬಹುದು. ಆದರೆ ಆ ಮನೆ ಆಕೆಯದಲ್ಲ, ಮೀಟರು ಆಕೆಯ ಹೆಸರಿನಲ್ಲಿಲ್ಲ. ಮೊದಲು ಹಾಕಿ ಆಮೇಲೆ ಪಡೆಯುವಷ್ಟು ಗಂಟೂ ಆಕೆಯ ಹತ್ತಿರವಿಲ್ಲ. ನಾನು ಒಂದೊಂದಾಗಿ ತಿಳಿಸಿ ಹೇಳಿದೆ. ಆಕೆಗೆ ಬೇಸರವಾಗಲಿಲ್ಲ, ನಕ್ಕಳು. “ಅಂದ್ರ ಇದ್ದವರಿಗೇ ಕೊಡ್ತದ ಅನ್ರೀ” ಎಂದು ಹೇಳಿ ತನ್ನ ಕೆಲಸಕ್ಕೆ ಹೋದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಆ ಎಪ್ಪತ್ತೆಂಟು ಸಾವಿರ ಯಾರ ಹಣ? ಸರ್ಕಾರದ್ದು ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಸರ್ಕಾರಕ್ಕೆ ಹೊಲವಿಲ್ಲ, ಮನೆಯಿಲ್ಲ. ಅದರ ಬೊಕ್ಕಸ ತುಂಬುವುದು ನಮ್ಮ ನಿಮ್ಮ ತೆರಿಗೆಯಿಂದ. ಸಂಬಳದಲ್ಲಿ ಆದಾಯ ತೆರಿಗೆ ಹಿಡಿದಾಗ ನಮ್ಮಂಥ ನೌಕರರು ‘ತೆರಿಗೆ ಕಟ್ಟುವವರು ನಾವೇ’ ಎಂದು ಎದೆಯುಬ್ಬಿಸುತ್ತೇವೆ. ಹಪ್ಪಳ ಮಾರುವ ಆ ತಾಯಿ ಸಾಬೂನು ಕೊಂಡರೆ ಅದರ ಬೆಲೆಯಲ್ಲಿ ತೆರಿಗೆಯಿದೆ. ಮಗಳಿಗೆ ಚಪ್ಪಲಿ ಕೊಂಡರೆ ಅದರಲ್ಲೂ ಇದೆ. ಆಕೆ ಕೊಟ್ಟದ್ದಕ್ಕೆ ರಸೀದಿಯಿಲ್ಲ, ಅಷ್ಟೇ. ಹಾಗಾದರೆ ನನ್ನ ಮಾಳಿಗೆಯ ಮೇಲಿನ ಫಲಕದಲ್ಲಿ ಆಕೆಯ ಕಾಸೂ ಸೇರಿದೆ. ಪತ್ರಾದ ಕೆಳಗಿರುವವಳು ಸ್ಲ್ಯಾಬಿನ ಮೇಲಿನ ಸೂರ್ಯನಿಗೆ ಪಾಲು ಕೊಟ್ಟಂತಾಯಿತು. ಇದು ನ್ಯಾಯವೇ?

ಕಲ್ಯಾಣದ ನೀರು ಕುಡಿದವರಿಗೆ ಇಂಥ ಹೊತ್ತಿನಲ್ಲಿ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರಲಾರಳು. ಹನ್ನೆರಡನೆಯ ಶತಮಾನದ ಆ ಶರಣ ದಂಪತಿಗಳ ಕಥೆ ನಮ್ಮ ಮನೆಮನೆಯಲ್ಲಿ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಅಡಿಗೆ ಮನೆಗೆ ಒಯ್ಯಲಿಲ್ಲ. ಇಂದಿನ ಅಗತ್ಯಕ್ಕೆ ಮೀರಿದ್ದು ನಮಗೇಕೆ ಎಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಗಂಡನನ್ನು ಕಳಿಸಿದಳು. ಆ ಅಕ್ಕಿ ಕದ್ದದ್ದಲ್ಲ. ಯಾರೂ ಬೇಡವೆಂದು ತಡೆದದ್ದೂ ಅಲ್ಲ. ಆದರೂ ಆಕೆಗೆ ಅದು ತಮ್ಮದೆನಿಸಲಿಲ್ಲ. ಸಿಗುತ್ತದೆ ಎಂಬುದು ಬೇರೆ, ಬೇಕು ಎಂಬುದು ಬೇರೆ ಎಂದು ಆಕೆ ಬಲ್ಲಳು.

ಈ ಕಥೆಯನ್ನು ಹೇಳಿ ಮುಗಿಸಿದರೆ ಪ್ರಬಂಧ ಚೆಂದಾಗುತ್ತದೆ, ಪ್ರಶ್ನೆ ಮಾತ್ರ ಉಳಿಯುತ್ತದೆ. ಯಾಕೆಂದರೆ ಅಕ್ಕಿಗೂ ಬಿಸಿಲಿಗೂ ವ್ಯತ್ಯಾಸವಿದೆ. ಮಾರಯ್ಯ ಹೆಚ್ಚಿಗೆ ತಂದ ಅಕ್ಕಿ ಇನ್ನೊಬ್ಬರ ಹೊಟ್ಟೆಗೆ ಸೇರಬೇಕಾದದ್ದು. ನಾನು ಮೂರನೆಯ ಕಿಲೋವ್ಯಾಟ್ ಹಾಕಿಸಿದರೆ ಇನ್ನೊಬ್ಬರ ಬಿಸಿಲು ಕಡಿಮೆಯಾಗುವುದಿಲ್ಲ. ಹೆಚ್ಚಿನ ಕರೆಂಟು ತಂತಿಗೆ ಸೇರಿ ನಾಲ್ಕು ಮನೆಗೆ ಉಪಯೋಗವೇ ಆಗುತ್ತದೆ. ನಾನು ಬಿಟ್ಟ ಹದಿನೆಂಟು ಸಾವಿರ ಹಪ್ಪಳ ಮಾರುವ ತಾಯಿಯ ಕೈಗೆ ಹೋಗುವುದೂ ಇಲ್ಲ. ಇದನ್ನು ಶಾಲೆಯ ಸಹೋದ್ಯೋಗಿಯೊಬ್ಬರು ಹೇಳಿದಾಗ ನಾನು ಒಪ್ಪಿಕೊಳ್ಳಬೇಕಾಯಿತು. ಬಿಟ್ಟುಕೊಡುವುದೊಂದೇ ಧರ್ಮ ಎನ್ನುವಂತಿಲ್ಲ. ಎಲ್ಲರೂ ಸಂಕೋಚಪಟ್ಟು ಬಿಟ್ಟರೆ ಮಾಳಿಗೆಗಳೆಲ್ಲ ಖಾಲಿ ಉಳಿಯುತ್ತವೆ, ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ.

ಕಲ್ಲಿದ್ದಲಿನ ಮಾತು ಬಂತಲ್ಲ, ವಿಷಯದ ತಿರುಳು ಅಲ್ಲಿಯೇ ಇದೆ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭವಾದ ಶಾಖೋತ್ಪನ್ನ ಕೇಂದ್ರವಿದೆ. ಘಟಕಗಳು ಒಂದೊಂದಾಗಿ ಸೇರಿ ಅದರ ಸಾಮರ್ಥ್ಯ 1,720 ಮೆಗಾವ್ಯಾಟಿಗೆ ಮುಟ್ಟಿತು. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯಿಲ್ಲ. ಅದು ಹೊರ ರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ನಮ್ಮ ಮನೆಯಲ್ಲಿ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ; ಹೊಗೆ, ಬೂದಿ ಮಾತ್ರ ನಾವು ಕಾಣದ ಊರಿನವರ ಪಾಲು. ಒಂದು ಮನೆ ಬಿಸಿಲಿನಿಂದ ಕರೆಂಟು ಮಾಡಿಕೊಂಡರೆ ಅಷ್ಟು ಕಲ್ಲಿದ್ದಲು ಉಳಿಯುತ್ತದೆ, ಅಷ್ಟು ಹೊಗೆ ತಪ್ಪುತ್ತದೆ. ಸಮಾಜ ನನಗೆ ಹಣ ಕೊಡುವುದು ಇದಕ್ಕಾಗಿ. ನನ್ನ ಬಿಲ್ಲು ಇಳಿಯಲೆಂದು ಆ ತಾಯಿ ತನ್ನ ಕಾಸು ಕೊಟ್ಟಿಲ್ಲ.

ಹಾಗೆ ನೋಡಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಸಹಾಯಧನ ಭಿಕ್ಷೆಯಲ್ಲ, ಆದ್ದರಿಂದ ಪಡೆಯಲು ನಾಚಬೇಕಿಲ್ಲ. ಅದು ಬಹುಮಾನವೂ ಅಲ್ಲ. ಆದ್ದರಿಂದ ಪಡೆದು ಮರೆಯುವಂತಿಲ್ಲ. ಅದು ಮುಂಗಡ. ಬಟ್ಟೆ ಹೊಲಿಯುವವಳಿಗೆ ಮುಂಗಡ ಕೊಟ್ಟ ಹಾಗೆ ಊರು ನನಗೆ ಕೊಟ್ಟ ಮುಂಗಡ. ಫಲಕಗಳು ಇಪ್ಪತ್ತೈದು ವರ್ಷ ಬಾಳುತ್ತವೆ ಎನ್ನುತ್ತಾರೆ. ಅಷ್ಟು ವರ್ಷ ಅವು ಕರೆಂಟು ಕೊಟ್ಟಾಗಲೇ ಮುಂಗಡ ಚುಕ್ತಾ ಆಗುವುದು. ಹಣ ಖಾತೆಗೆ ಬಂದ ಮೇಲೆ ಫಲಕದ ಮೇಲೆ ಧೂಳು ಕೂತು ಬಿಸಿಲು ಒಳಗಿಳಿಯದೆ ಹೋದರೆ, ಕೆಟ್ಟದ್ದನ್ನು ರಿಪೇರಿ ಮಾಡಿಸದೆ ಬಿಟ್ಟರೆ, ಮುಂಗಡ ತಿಂದು ಬಟ್ಟೆ ಕೊಡದವಳಿಗೂ ನನಗೂ ಏನು ಅಂತರ?

ಇದು ಅತಿಯಾಯಿತು ಎನ್ನುವವರು ಹಿಂದಿನ ಯೋಜನೆಗಳನ್ನು ನೆನಪಿಸಿಕೊಳ್ಳಬೇಕು. 1981-82ರಲ್ಲಿ ದೇಶದಲ್ಲೆಲ್ಲ ಗೋಬರ್ ಗ್ಯಾಸಿನ ರಾಷ್ಟ್ರೀಯ ಯೋಜನೆ ಬಂತು. ಅದರ ಬೆನ್ನಿಗೆ ಹೊಗೆಯಿಲ್ಲದ ಒಲೆಗಳು ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ‘ಅಸ್ತ್ರ ಒಲೆ’ಯ ಹೆಸರು ಹಳ್ಳಿಗಳಿಗೂ ಮುಟ್ಟಿತು. ಎಲ್ಲವೂ ಒಳ್ಳೆಯ ಯೋಜನೆಗಳೇ. ಸಗಣಿ, ನೀರು, ಆಸ್ಥೆ ಮೂರೂ ಇದ್ದ ಮನೆಗಳಲ್ಲಿ ಗೋಬರ್ ಗ್ಯಾಸು ವರ್ಷಗಟ್ಟಲೆ ಉರಿಯಿತು, ಹೆಣ್ಣುಮಕ್ಕಳ ಕಣ್ಣು ಉಳಿಯಿತು. ಆದರೆ ಎಷ್ಟೋ ಕಡೆ ಗುಂಡಿ ಕಟ್ಟಿದರು, ಸಹಾಯಧನ ತೆಗೆದುಕೊಂಡರು, ಆಮೇಲೆ ಅದರಲ್ಲಿ ಮಳೆಯ ನೀರು ನಿಂತಿತು. ಕಚೇರಿಯಲ್ಲಿ ಎಷ್ಟು ಕಟ್ಟಿದರು ಎಂಬ ಲೆಕ್ಕವಿರುತ್ತಿತ್ತು. ಎಷ್ಟು ಉರಿಯುತ್ತಿವೆ ಎಂಬುದನ್ನು ಬಲ್ಲವಳು ಒಲೆಯ ಮುಂದೆ ಕೂತವಳು ಮಾತ್ರ. ಅರ್ಜಿಗೆ ಸಹಿ ಗಂಡಸಿನದು, ಸಗಣಿ ಕದಡುವ ಕೈ ಹೆಂಗಸಿನದು. ಮನೆಗೆ ಏನು ಬೇಕು, ಎಷ್ಟು ಬೇಕು ಎಂದು ಆಕೆಯನ್ನು ಕೇಳಿದ್ದರೆ ಅರ್ಧ ಗುಂಡಿಗಳು ಕಡಿಮೆ ಕಟ್ಟುತ್ತಿದ್ದವು. ಕಟ್ಟಿದವು ಮಾತ್ರ ಉರಿಯುತ್ತಿದ್ದವು ಎಂದೇ ನನಗನಿಸುತ್ತದೆ.

ಆದ್ದರಿಂದ ಪಟ್ಟಣದ ನನ್ನ ಅಕ್ಕತಂಗಿಯರಿಗೆ ಒಂದು ಮಾತು. ಮನೆಯಲ್ಲಿ ಫಲಕದ ಮಾತು ಬಂದಾಗ ಅದು ಗಂಡಸರ ವ್ಯವಹಾರವೆಂದು ಅಡಿಗೆ ಮನೆಗೆ ಸರಿಯಬೇಡಿ. ಹನ್ನೆರಡು ತಿಂಗಳ ಬಿಲ್ಲು ತೆಗೆದು ಕೂಡಿಸಿ, ಸರಾಸರಿ ನೀವೇ ಹಾಕಿ. ಕೂಡಿಸಿದವರು ಐದು ವರ್ಷ ನಿಗಾ ವಹಿಸಬೇಕೆಂಬ ನಿಯಮ ಯೋಜನೆಯಲ್ಲಿದೆ. ಅದನ್ನು ಕೇಳಿ ಪಡೆಯಿರಿ. ಫಲಕಕ್ಕೆ ನೆರಳು ಬೀಳುವಂತೆ ನೀರಿನ ಟಾಕಿ ಇಡಬೇಡಿ. ವಾರಕ್ಕೊಮ್ಮೆ ನೀರು ಹಾಕಿ ಒರೆಸಿ. ಅಂಗಳ ಸಾರಿಸುವ ಕೈಗೆ ಅದೇನು ದೊಡ್ಡದಲ್ಲ.

ಇಷ್ಟು ಮಾಡಿದರೆ ಮಾಳಿಗೆ ಇದ್ದವರ ಋಣ ತೀರೀತು. ಮಾಳಿಗೆ ಇಲ್ಲದವರ ಪಾಲೇನು? ಇದು ದಾರಿಯೇ ಇಲ್ಲದ ಪ್ರಶ್ನೆಯಲ್ಲ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ರಾಜ್ಯದ ‘ಗೃಹಜ್ಯೋತಿ’ಯಲ್ಲಿ ಬಾಡಿಗೆದಾರರನ್ನೂ ಸೇರಿಸಿದರು. ಮನೆ ಸ್ವಂತದ್ದಲ್ಲದಿದ್ದರೂ ದೀಪ ಬೇಕು ಎಂಬುದನ್ನು ಸರ್ಕಾರ ಅಲ್ಲಿ ಒಪ್ಪಿತು. ಸೂರ್ಯಘರ್ ಯೋಜನೆಯಲ್ಲೂ ವಸತಿ ಸಂಘಗಳ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿಯಂತೆ ನೆರವಿದೆ. ಜಿಲ್ಲೆಗೊಂದು ಮಾದರಿ ಸೌರಗ್ರಾಮಕ್ಕೆ ಒಂದು ಕೋಟಿ ರೂಪಾಯಿ ಇಟ್ಟಿದ್ದಾರೆ. ಹತ್ತು ಮನೆಗೆ ಸೇರಿ ಒಂದು ಮಾಳಿಗೆ ಎಂಬ ವಿಚಾರ ಕಾಗದದಲ್ಲಿ ಹೊಸದಲ್ಲ. ಅದು ಪತ್ರಾ ಮನೆಗಳ ಓಣಿಗೂ ಬರಬೇಕು. ಶಾಲೆಯ ಮಾಳಿಗೆ, ಸಮುದಾಯ ಭವನದ ಮಾಳಿಗೆ ಹಗಲೆಲ್ಲ ಬಿಸಿಲಿಗೆ ಸುಮ್ಮನೆ ಮಲಗಿರುತ್ತವೆ.

ಆಸ್ತಿಯಿಲ್ಲದವರಿಗೆ ಹಣ ಕೊಡುವುದು ಹೇಗೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯೇ ಉತ್ತರ ಹೇಳಿದೆ. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಬೀದರ ಡಿಸಿಸಿ ಬ್ಯಾಂಕು ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳನ್ನು ಕಟ್ಟಿ ಸಾಲ ಕೊಡತೊಡಗಿತು. ಒತ್ತೆಯಿಡಲು ಬಂಗಾರವಿಲ್ಲದ, ಹೆಸರಿನಲ್ಲಿ ಗೇಣು ಹೊಲವಿಲ್ಲದ ಹೆಂಗಸರು ಒಬ್ಬರಿಗೊಬ್ಬರು ಜಾಮೀನಾಗಿ ನಿಂತರು. ಸಾಲಕ್ಕೆ ಜಾಮೀನಾದವರು ಬಿಸಿಲಿಗೆ ಪಾಲುದಾರರಾಗಲಾರರೇ?

ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ. ಬೇಸಿಗೆ ಬಂತೆಂದರೆ ಮಾಳಿಗೆ ಇಲ್ಲದ ಮನೆಯವರು ಇದ್ದವರ ಮಾಳಿಗೆ ಹತ್ತಿ ಮೆಣಸಿನಕಾಯಿ ಹರವುತ್ತಾರೆ, ಸಂಡಿಗೆ ಇಡುತ್ತಾರೆ. ಅದಕ್ಕೆ ಅರ್ಜಿಯಿಲ್ಲ, ಬಾಡಿಗೆಯಿಲ್ಲ. ಕಾಗೆ ಬಂದರೆ ಮಾಳಿಗೆಯ ಯಜಮಾನಿಯೇ ಓಡಿಸುತ್ತಾಳೆ. ಮಾಳಿಗೆ ಒಬ್ಬರದಾದರೂ ಬಿಸಿಲು ಊರಿನದು ಎಂಬ ತಿಳಿವಳಿಕೆ ಈ ರೂಢಿಯಲ್ಲಿದೆ.

ನಾವು ಎರಡೇ ಕಿಲೋವ್ಯಾಟ್ ಹಾಕಿಸುವುದೆಂದು ಗೊತ್ತುಮಾಡಿದ್ದೇವೆ. ಅದು ತ್ಯಾಗವೇನೂ ಅಲ್ಲ, ನಮಗೆ ಬೇಕಾದದ್ದು ಅಷ್ಟೇ. ಉಳಿದ ಅರ್ಧ ಮಾಳಿಗೆ ಹಪ್ಪಳ, ಶಾವಿಗೆಗೆ ಇರಲಿ ಎಂದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೂಂ ಎಂದರು. ಶಾಲೆಯ ಮೇಲುಸ್ತುವಾರಿ ಸಮಿತಿಯ ಮುಂದೆ ಶಾಲೆಯ ಮಾಳಿಗೆಯ ವಿಷಯವನ್ನೂ ಇಟ್ಟಿದ್ದೇನೆ. ಏನಾಗುವುದೋ ಗೊತ್ತಿಲ್ಲ. ಕೇಳುತ್ತಲೇ ಇರಬೇಕು. ಮುಂಗಡ ಪಡೆದವರು ಕೊಟ್ಟವರ ಪರವಾಗಿ ಒಂದು ಮಾತಾದರೂ ಆಡದಿದ್ದರೆ ‘ಇದ್ದವರಿಗೇ ಕೊಡ್ತದ’ ಎಂಬ ಆ ತಾಯಿಯ ಮಾತೇ ನಿಜವಾಗಿ ಉಳಿಯುತ್ತದೆ.