ಮಧುಮೇಹಿಯ ಉಪವಾಸ: ಶಕ್ತಿಯೂ ಸತ್ಯವೂ

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ತುಮಕೂರು ನಗರದಲ್ಲಾಗಲಿ, ಗುಬ್ಬಿ, ಕುಣಿಗಲ್ ಕಡೆಯ ಊರುಗಳಲ್ಲಾಗಲಿ ಜೈನ ಗೃಹಗಳ ದಿನಚರಿಯೇ ಬದಲಾಗುತ್ತದೆ. ಮಂದರಗಿರಿಯ ಚಂದ್ರನಾಥ ಸ್ವಾಮಿಯ ದರ್ಶನಕ್ಕೆ ಬೆಟ್ಟ ಹತ್ತುವವರು, ಏಕಭುಕ್ತದಲ್ಲಿರುವವರು, ಅಷ್ಟಮಿ ಚತುರ್ದಶಿಗಳಂದು ನೀರನ್ನೂ ಮುಟ್ಟದೆ ಉಪವಾಸ ಮಾಡುವವರು, ಹೀಗೆ ಅವರವರ ಭಕ್ತಿಯಂತೆ ವ್ರತಗಳು ನಡೆಯುತ್ತವೆ. ಈ ಮನೆಗಳ ಪೈಕಿ ಅನೇಕವುಗಳಲ್ಲಿ ಇಂದು ಜಪಮಾಲೆಯೊಡನೆ ಇನ್ನೊಂದು ವಸ್ತುವೂ ಕಾಣಸಿಗುತ್ತದೆ: ರಕ್ತದ ಸಕ್ಕರೆಯನ್ನು ಅಳೆಯುವ ಪುಟ್ಟ ಯಂತ್ರ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಮಧುವನ್ನು ಮೂಲಗುಣವೆಂದೇ ತ್ಯಜಿಸಿದ ಸಮಾಜವನ್ನೂ ಮಧುಮೇಹವು ಬಿಟ್ಟಿಲ್ಲ.

ಇಂಥದೊಂದು ಮನೆಯನ್ನು ಊಹಿಸಬಹುದು. ಅರವತ್ತು ದಾಟಿದ ಶ್ರಾವಿಕೆಯೊಬ್ಬರು ಚತುರ್ದಶಿಯಂದು ನಿರಾಹಾರರಾಗಿದ್ದಾರೆ. ಊಟವಿಲ್ಲವಾದ್ದರಿಂದ ಮಾತ್ರೆಯೂ ಬೇಡವೆಂದು ಬಿಟ್ಟಿದ್ದಾರೆ. ಮರುದಿನ ಪಾರಣೆಗೆ ಮುಂಚೆ ಮಗನು ಬೆರಳಿನ ರಕ್ತವನ್ನು ಪರೀಕ್ಷಿಸಿದರೆ ಯಂತ್ರವು 268 ಎಂದು ತೋರಿಸುತ್ತದೆ. ಉಂಡವರಿಗೆ ಏರಬೇಕಾದ ಸಕ್ಕರೆ ಉಣ್ಣದವರಿಗೆ ಏರಿದ್ದೇಕೆ? ಮಗನು, “ಇನ್ನು ಉಪವಾಸ ಸಾಕಮ್ಮ” ಎನ್ನುತ್ತಾನೆ. ಮನೆಯ ಹಿರಿಯರೊಬ್ಬರು, “ಇದು ಅಸಾತಾ ವೇದನೀಯದ ಉದಯ, ಸಹಿಸಬೇಕು” ಎನ್ನುತ್ತಾರೆ. ಆ ತಾಯಿಯಾದರೋ ವೈದ್ಯರಿಗೆ ಈ ಸಂಖ್ಯೆಯನ್ನು ಹೇಳದಿರುವುದೇ ಲೇಸೆಂದು ಬಗೆಯುತ್ತಾರೆ. ಹೇಳಿದರೆ ವ್ರತವನ್ನು ಬಿಡಿಸಿಯಾರು ಎಂಬ ಭಯ. ವ್ರತವನ್ನು ಬದಲಿಸಿದರೆ ಅವರು ವ್ರತಭಂಗದ ದೋಷಿಯೇ? ಬದಲಿಸದೆ ದೇಹವನ್ನು ಕೆಡಿಸಿಕೊಂಡರೆ ಅದು ತಪಸ್ಸೇ?

ಮೊದಲು ಆ ಸಂಖ್ಯೆಯ ಅರ್ಥವನ್ನು ತಿಳಿಯುವುದು ಯುಕ್ತ. ರಕ್ತದ ಸಕ್ಕರೆಯು ಊಟದಿಂದ ಮಾತ್ರ ಬರುವುದಿಲ್ಲ. ಆಹಾರವಿಲ್ಲದಾಗ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ, ಹೊಸದಾಗಿಯೂ ತಯಾರಿಸುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಇದಕ್ಕೆ ಕಡಿವಾಣ ಹಾಕುತ್ತದೆ. ಮಧುಮೇಹಿಯಲ್ಲಿ ಕಡಿವಾಣ ಸಡಿಲ. ಬೆಳಗಿನ ಜಾವ ದೇಹವನ್ನು ಎಚ್ಚರಿಸುವ ಕೆಲವು ಸ್ರಾವಗಳು ಸಕ್ಕರೆಯನ್ನು ಮತ್ತಷ್ಟು ಏರಿಸುತ್ತವೆ. ಮಾತ್ರೆ ತಪ್ಪಿದರೆ, ನೀರಿಲ್ಲದೆ ದೇಹ ಒಣಗಿದರೆ, ಜ್ವರವೋ ಸೋಂಕೋ ಇದ್ದರೆ, ನಿದ್ದೆಗೆಟ್ಟರೆ ಏರಿಕೆ ಇನ್ನೂ ಹೆಚ್ಚು. ಆದುದರಿಂದ ಉಪವಾಸದ ಮುಂಜಾನೆ ಕಂಡ ದೊಡ್ಡ ಸಂಖ್ಯೆಯು ಆ ತಾಯಿ ಕದ್ದು ತಿಂದರೆಂಬುದಕ್ಕೆ ಸಾಕ್ಷಿಯಲ್ಲ. ಅವರ ಭಕ್ತಿಯ ಕೊರತೆಯ ಗುರುತೂ ಅಲ್ಲ.

ಕೆಲವೊಮ್ಮೆ ಸಂಖ್ಯೆಯೇ ಸುಳ್ಳಾಗುವುದುಂಟು. ಪಂಚಾಮೃತ ಅಭಿಷೇಕಕ್ಕೆ ಕಬ್ಬಿನ ಹಾಲು, ಎಳನೀರು ಸಿದ್ಧಪಡಿಸಿದ ಕೈಯಿಂದಲೇ ರಕ್ತದ ಹನಿ ತೆಗೆದರೆ ಬೆರಳಿಗಂಟಿದ ಸಿಹಿಯೂ ಅಳತೆಗೆ ಸೇರುತ್ತದೆ. ಕೈಯನ್ನು ನೀರಿನಿಂದ ತೊಳೆದು, ಒರೆಸಿ, ಮತ್ತೊಮ್ಮೆ ನೋಡಿದ ಮೇಲೆಯೇ ನಿರ್ಧಾರಕ್ಕೆ ಬರುವುದು ವಿವೇಕ. ಒಂದು ದಿನದ ಏರಿಳಿತಕ್ಕಿಂತ ಮೂರು ತಿಂಗಳ ಸರಾಸರಿಯನ್ನು ತೋರುವ ಎಚ್‌ಬಿಎ1ಸಿ ಪರೀಕ್ಷೆಯು ನಿಜಸ್ಥಿತಿಯನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ. ಪರ್ವವು ಹತ್ತು ದಿನದ್ದು. ದೇಹವು ವರ್ಷವಿಡೀ ಲೆಕ್ಕವಿಡುತ್ತದೆ.

ಇನ್ನು ಕರ್ಮೋದಯದ ಮಾತು. ರೋಗವು ಅಸಾತಾ ವೇದನೀಯದ ಫಲವೆಂಬುದು ಸಿದ್ಧಾಂತವೇ ಸರಿ. ಆದರೆ ಅದರಿಂದ ಔಷಧವನ್ನು ನಿರಾಕರಿಸಬೇಕೆಂಬ ತೀರ್ಮಾನ ಹುಟ್ಟುವುದಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧ ದಾನವೂ ಒಂದು. ಕೊಡುವುದು ಪುಣ್ಯವಾದರೆ ಸ್ವೀಕರಿಸುವುದು ಪಾಪವಾಗುವುದು ಹೇಗೆ? ಕರ್ಮೋದಯವನ್ನು ಸಮತೆಯಿಂದ ಅನುಭವಿಸುವುದೆಂದರೆ ಆರ್ತಧ್ಯಾನಕ್ಕೆ ಎಡೆಗೊಡದಿರುವುದೇ ಹೊರತು ಚಿಕಿತ್ಸೆಯನ್ನು ದೂರವಿಡುವುದಲ್ಲ.

ಇಲ್ಲಿ ಸಮಂತಭದ್ರಾಚಾರ್ಯರ ಕಥೆಯು ಸ್ಮರಣೀಯ. ಶ್ರಾವಕರ ವ್ರತಗಳನ್ನು ‘ರತ್ನಕರಂಡಕ’ದಲ್ಲಿ ನಿರೂಪಿಸಿದ ಈ ಮಹಾನುಭಾವರಿಗೆ ಎಷ್ಟು ಉಂಡರೂ ತಣಿಯದ ಭಸ್ಮಕ ವ್ಯಾಧಿ ತಗುಲಿತೆಂದು ಪರಂಪರೆ ಹೇಳುತ್ತದೆ. ಮುನಿಯ ಮಿತಾಹಾರದಲ್ಲಿ ಆ ರೋಗ ಶಮನವಾಗದು. ಅವರು ಸಲ್ಲೇಖನಕ್ಕೆ ಗುರುಗಳ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಇವರಿಂದ ಧರ್ಮಪ್ರಭಾವನೆಯಾಗಬೇಕಿದೆಯೆಂದು ಕಂಡು, ದೀಕ್ಷೆಯನ್ನು ಕೆಲಕಾಲ ಇಳಿಸಿ, ರೋಗವನ್ನು ಕಳೆದುಕೊಂಡು, ಮತ್ತೆ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು. ಅವರು ಹಾಗೆಯೇ ಮಾಡಿದರು. ಮಹಾವ್ರತವನ್ನೇ ರೋಗಕ್ಕಾಗಿ ಇಳಿಸಿಡಲು ಗುರುವು ಹೇಳಿದ ಕಥೆಯನ್ನು ತಲೆಮಾರುಗಳಿಂದ ಕೇಳಿಕೊಂಡು ಬಂದ ಸಮಾಜದಲ್ಲಿ, ಗೃಹಿಣಿಯೊಬ್ಬರು ಮಾತ್ರೆಯ ಸಲುವಾಗಿ ಒಂದು ಉಪವಾಸದ ಕ್ರಮವನ್ನು ಬದಲಿಸಿದರೆ ಅಪವಾದಕ್ಕೆ ಕಾರಣವೇನು? ಸಲ್ಲೇಖನವನ್ನಾದರೂ ಆಚಾರ್ಯರು ಪ್ರತೀಕಾರವಿಲ್ಲದ ಸಂಕಟದಲ್ಲಿ ಮಾತ್ರ ವಿಧಿಸಿದ್ದಾರೆ. ಮಧುಮೇಹಕ್ಕೆ ಪ್ರತೀಕಾರವಿದೆ. ಪ್ರತೀಕಾರವಿರುವ ರೋಗದಲ್ಲಿ ಅಜಾಗ್ರತೆಯಿಂದ ದೇಹವನ್ನು ಕೆಡಿಸುವುದು ಪ್ರಮಾದ. ಪ್ರಮಾದದಿಂದಾದ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಬೋಧಿಸುತ್ತದೆ. ಆ ಪ್ರಾಣವು ಪರರದೇ ಆಗಿರಬೇಕೆಂಬ ನಿಯಮವಿಲ್ಲ.

ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳೆರಡಕ್ಕೂ “ಶಕ್ತಿಗನುಸಾರವಾಗಿ” ಎಂಬ ವಿಶೇಷಣವಿರುವುದು ಗಮನಾರ್ಹ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರ ಧರ್ಮಾಮೃತ’ದಲ್ಲಿ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿದ್ದಾರೆ: ಉಪವಾಸ ಮಾಡಲಾರದವರು ನೀರನ್ನು ಮಾತ್ರ ಸೇವಿಸುವ ಅನುಪವಾಸ ಮಾಡಲಿ; ಅದೂ ಆಗದವರು ಆಚಾಮ್ಲ, ನಿರ್ವಿಕೃತಿ ಮೊದಲಾದ ಆಹಾರದಲ್ಲಿರಲಿ; ಶಕ್ತಿಯಂತೆ ಮಾಡಿದ ತಪಸ್ಸೇ ಶ್ರೇಯಸ್ಕರ ಎಂಬುದು ಅವರ ಅಭಿಪ್ರಾಯ. ನೀರಿನೊಡನೆ ಮಾತ್ರೆ ನುಂಗಬೇಕಾದವರ ದಾರಿ ಮೇಲಿನ ಮೆಟ್ಟಿಲಿನದಲ್ಲ ಅಷ್ಟೆ. ಕೆಳಗಿನದೂ ಅದೇ ಬೆಟ್ಟದ ಮೆಟ್ಟಿಲು.

ಇಲ್ಲಿ ಒಂದು ಶಂಕೆ ಏಳುವುದು ಸಹಜ. ‘ಶಕ್ತಿ’ ಎಂಬ ಮಾತು ಆಲಸ್ಯಕ್ಕೆ ಆಸರೆಯಾಗದೆ? ಆಗುತ್ತದೆ. ಚತುರ್ದಶಿಯಂದು ರೋಗವನ್ನು ಮುಂದೊಡ್ಡಿ ಉಪವಾಸವನ್ನು ತಪ್ಪಿಸಿದವರು ಹುಣ್ಣಿಮೆ ಕಳೆಯುತ್ತಲೇ ಮದುವೆಮನೆಯ ಪಂಕ್ತಿಯಲ್ಲಿ ಎರಡನೆಯ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುವುದನ್ನು ಎಲ್ಲರೂ ಬಲ್ಲರು. ಅವರಿಗೆ ಅಶಕ್ತಿಯಿರುವುದು ನಾಲಗೆಯಲ್ಲಿ. ಬಾಹ್ಯ ತಪಸ್ಸು ಆರು ವಿಧ. ಅನಶನವು ಅದರಲ್ಲಿ ಒಂದು ಮಾತ್ರ. ಹೊಟ್ಟೆ ತುಂಬುವ ಮುನ್ನ ಏಳುವ ಅವಮೌದರ್ಯ, ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಬಿಡುವ ರಸಪರಿತ್ಯಾಗ, ಇವು ಮಧುಮೇಹಿಗೆ ವರ್ಷವಿಡೀ ತೆರೆದಿರುವ ತಪಸ್ಸುಗಳು. ರಾಗಿ ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರದೆಂಬ ನಂಬಿಕೆ ನಮ್ಮ ಸೀಮೆಯಲ್ಲಿದೆ. ಅದು ಸರಿಯಲ್ಲ, ಮುದ್ದೆಯೂ ಅಳತೆಗೆ ಒಳಪಟ್ಟದ್ದೇ. ಬರಿಯ ಅನ್ನದ ಆಚಾಮ್ಲಕ್ಕಿಂತ ಬೇಳೆ, ಕಾಳು, ತರಕಾರಿಗಳ ಸಪ್ಪೆಯೂಟ ಇಂಥವರಿಗೆ ಹಿತ.

ವೈದ್ಯರ ಅಂಜಿಕೆಯಿಂದ ಸಿಹಿ ಬಿಟ್ಟರೆ ಅದು ತ್ಯಾಗವೇ ಎಂದೂ ಕೇಳುವುದುಂಟು. ಬಿಡಲೇಬೇಕಾದದ್ದನ್ನು ಗೊಣಗುತ್ತ ಬಿಟ್ಟರೆ ಪಥ್ಯ ಮಾತ್ರ. ಅದನ್ನೇ ಆಸೆಯ ಸ್ವರೂಪವನ್ನು ಅರಿತು, ನಿಯಮವೆಂದು ಸಂಕಲ್ಪಿಸಿ ಬಿಟ್ಟರೆ ವ್ರತ. ಕಾರಣವು ಹೊರಗಿನಿಂದ ಬಂದರೂ ಭಾವವು ಒಳಗಿನದಾಗಬಲ್ಲದು.

ಇನ್ಸುಲಿನ್ ಕುರಿತೂ ಕೆಲವು ಹಿರಿಯರಿಗೆ ಅಳುಕಿದೆ. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿದ ಮೇಲೆ ದಶಕಗಳ ಕಾಲ ಅದು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಬರುತ್ತಿದ್ದುದು ನಿಜ. 1982ರಿಂದ ಸೂಕ್ಷ್ಮಾಣುಗಳ ಮೂಲಕ ಮಾನವ ಇನ್ಸುಲಿನ್ ತಯಾರಾಗತೊಡಗಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇಂಥ ಔಷಧಕ್ಕೆ ಪಂಚೇಂದ್ರಿಯ ಪ್ರಾಣಿಯ ಅಂಗ ಬೇಕಿಲ್ಲ. ಚುಚ್ಚುಮದ್ದಾದುದರಿಂದ ಅದು ಉಪವಾಸದಲ್ಲಿ ವರ್ಜ್ಯವಾದ ಚತುರ್ವಿಧಾಹಾರದಲ್ಲಿಯೂ ಸೇರದು.

ಉಳಿದದ್ದು ಸತ್ಯದ ಪ್ರಶ್ನೆ. ದಶಧರ್ಮಗಳಲ್ಲಿ ತಪಸ್ಸಿಗೆ ಮೊದಲೇ ಆರ್ಜವ, ಸತ್ಯಗಳು ಬರುತ್ತವೆ. ಸಂಖ್ಯೆಯನ್ನು ವೈದ್ಯರಿಂದ ಮರೆಮಾಚಿ ನಡೆಸಿದ ಉಪವಾಸವು ತಪಸ್ಸಿಗಾಗಿ ಆರ್ಜವವನ್ನು ಬಲಿಕೊಡುತ್ತದೆ. ಗುರುವಿನ ಮುಂದೆ ದೋಷವನ್ನು ಬಚ್ಚಿಡದೆ ಒಪ್ಪಿಸುವ ಆಲೋಚನೆಯಂತೆಯೇ ವೈದ್ಯರ ಮುಂದೆ ಅಳತೆಯ ಚೀಟಿಯನ್ನು ಇದ್ದಂತೆ ಇಡಬೇಕು. ಪರ್ವಕ್ಕೆ ಎರಡು ಮೂರು ವಾರ ಮುಂಚೆಯೇ ವೈದ್ಯರನ್ನು ಕಂಡು, ಯಾವ ವ್ರತವೆಂದು ತಿಳಿಸಿ, ಮಾತ್ರೆಯ ಪ್ರಮಾಣ ಮತ್ತು ವೇಳೆಯನ್ನು ಗೊತ್ತುಪಡಿಸಿಕೊಳ್ಳುವುದು ಯುಕ್ತ. ಏಕೆಂದರೆ ಕೆಲವು ಮಾತ್ರೆಗಳು ಊಟವಿಲ್ಲದಾಗ ಸಕ್ಕರೆಯನ್ನು ಅಪಾಯಕರವಾಗಿ ಇಳಿಸುತ್ತವೆ; ಇನ್ನು ಕೆಲವು ದೇಹವನ್ನು ಒಣಗಿಸುತ್ತವೆ. ಬಾಲ್ಯದಲ್ಲೋ ಯೌವನದಲ್ಲೋ ಬಂದ ಮೊದಲನೆಯ ಬಗೆಯ ಮಧುಮೇಹಿಗಳು ಉಣ್ಣದ ದಿನವೂ ಇನ್ಸುಲಿನ್ನನ್ನು ಪೂರ್ತಿ ನಿಲ್ಲಿಸಕೂಡದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ, 300ರ ಆಚೆಗೆ ನಿಂತರೆ, ಅಥವಾ ವಾಂತಿ, ಏದುಸಿರು, ಮಂಪರು ಕಂಡರೆ ಆ ಕ್ಷಣವೇ ವ್ರತವನ್ನು ಮುಗಿಸಿ ಚಿಕಿತ್ಸೆ ಪಡೆಯಬೇಕು. ಇಳಿದಾಗ ಸಕ್ಕರೆಯ ನೀರು ಸಾಕು, ಜೇನು ಬೇಕಿಲ್ಲ. ಅನಂತರ ಗುರುಗಳಲ್ಲಿ ಪ್ರಾಯಶ್ಚಿತ್ತ ಕೇಳಲು ಅವಕಾಶವಿದ್ದೇ ಇದೆ.

ಹಾಗಾದರೆ ಆ ತಾಯಿಗೆ ಉಳಿಯುವುದೇನು? ಅಂದಿನ ಪಾರಣೆಯು ಪಾಯಸದಿಂದಲ್ಲದೆ ಮಿತವಾದ ಊಟದಿಂದ ಆಗಲಿ. ಚೀಟಿಯು ವೈದ್ಯರ ಕೈ ಸೇರಲಿ. ವೈದ್ಯರು ಒಪ್ಪಿದರೆ ಮುಂದಿನ ಅಷ್ಟಮಿಗೆ ಮಾತ್ರೆಯೊಡನೆ ಏಕಭುಕ್ತ. ಒಪ್ಪದಿದ್ದರೆ ಸಿಹಿಯ ತ್ಯಾಗ, ಸ್ವಾಧ್ಯಾಯ, ಸಾಮಾಯಿಕ. ಪ್ರೋಷಧದ ದಿನ ಹೊಟ್ಟೆಯನ್ನು ಬರಿದುಮಾಡುವುದು ಆತ್ಮನ ಸಮೀಪದಲ್ಲಿ ವಾಸಿಸುವುದಕ್ಕಾಗಿ. ಆ ವಾಸಕ್ಕೆ ದೇಹವೆಂಬ ಮನೆಯು ಇನ್ನೂ ಕೆಲವು ಚತುರ್ದಶಿಗಳವರೆಗೆ ನಿಂತಿರಬೇಕು.